ಲಿನಕ್ಸ್‌ನಲ್ಲಿ ಯೂಸರ್, ಗ್ರೂಪ್ ನಿರ್ವಹಣೆ: ಯಾವ ದಾರಿ ಯಾರಿಗೆ ಸರಿ?

ಕೆಲವು ವರ್ಷಗಳ ಹಿಂದಿನ ಮಾತು. ನಾನು ನೋಡಿಕೊಳ್ಳುತ್ತಿದ್ದ ಸಣ್ಣ ಆಫೀಸೊಂದರಲ್ಲಿ ಇಂಟರ್ನ್ ಒಬ್ಬರು ಕೆಲಸ ಬಿಟ್ಟರು. ಅವತ್ತು ಸಂಜೆಯೇ ಅವರ ಅಕೌಂಟ್ ಅಳಿಸಿದೆ. ಎರಡು ವಾರ ಕಳೆದು ಹೊಸಬರೊಬ್ಬರು ಸೇರಿಕೊಂಡರು. ಅವರಿಗೆ ಅಕೌಂಟ್ ಮಾಡಿಕೊಟ್ಟೆ. ಊಟಕ್ಕೆ ಏಳುವ ಹೊತ್ತಿಗೆ ಅವರು ನನ್ನ ಮೇಜಿನ ಹತ್ತಿರ ಬಂದರು. "ಸರ್, ಡೇಟಾ ಡಿಸ್ಕಿನಲ್ಲಿ ಒಂದು ಫೋಲ್ಡರ್ ನನ್ನ ಹೆಸರಲ್ಲಿದೆ. ನಾನು ಮಾಡೇ ಇಲ್ಲ. ಒಳಗೆ ಕಸ್ಟಮರ್‌ಗಳ ಬಿಲ್ ಎಲ್ಲ ಇದೆ. ನಾನು ನೋಡಬಹುದಾ?"

ನೋಡಬಾರದಿತ್ತು. ಆದರೆ ಲಿನಕ್ಸ್ ಅವರಿಗೆ ಪೂರ್ತಿ ಹಕ್ಕು ಕೊಟ್ಟಿತ್ತು. ಯಾಕಂದ್ರೆ ಫೈಲಿನ ಮೇಲೆ ಮಾಲೀಕರ ಹೆಸರು ಬರೆದಿರುವುದಿಲ್ಲ, ಒಂದು ನಂಬರ್ ಬರೆದಿರುತ್ತದೆ. ಅದೇ ಯುಐಡಿ, ಅಂದರೆ ಪ್ರತಿ ಯೂಸರ್‌ಗೆ ಸಿಸ್ಟಂನಲ್ಲಿ ಇರುವ ನಂಬರ್. ಹೋದ ಇಂಟರ್ನ್ 1007 ಆಗಿದ್ದರು. ಅವರ ಹೋಮ್ ಫೋಲ್ಡರ್ ಅಳಿಸಿದೆ, ಡೇಟಾ ಡಿಸ್ಕಿನಲ್ಲಿದ್ದ ಫೈಲುಗಳು ಹಾಗೇ ಉಳಿದವು. ಹೊಸಬರಿಗೂ 1007 ಸಿಕ್ಕಿತು. ಅಲ್ಲಿಗೆ ಹಳಬರ ಆಸ್ತಿಯೆಲ್ಲ ಹೊಸಬರ ಪಾಲಾಯಿತು.

ಅವತ್ತಿನಿಂದ ಯಾವ ಕಮಾಂಡ್, ಯಾವ ಟೂಲ್ ಆರಿಸುವಾಗಲೂ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ವ್ಯಕ್ತಿ ಬಿಟ್ಟು ಹೋಗುವ ದಿನ ನಾನು ಎಷ್ಟು ಕಡೆ ಕೈ ಹಾಕಬೇಕಾಗುತ್ತದೆ? ಅಕೌಂಟ್ ಮಾಡುವುದು ಎಲ್ಲ ದಾರಿಯಲ್ಲೂ ಸುಲಭ. ವ್ಯತ್ಯಾಸ ಗೊತ್ತಾಗುವುದು ತೆಗೆಯುವಾಗ. ಕೆಳಗಿನ ಹೋಲಿಕೆಗಳನ್ನೆಲ್ಲ ಆ ಕಣ್ಣಿನಿಂದಲೇ ಮಾಡಿದ್ದೇನೆ.

ಯೂಸರ್‌ಆಡ್ ಅಥವಾ ಆಡ್‌ಯೂಸರ್?

ಹೆಸರು ಹಿಂದುಮುಂದು, ಅಷ್ಟೇ. ಆದರೆ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಇವೆರಡೂ ಬೇರೆ ಬೇರೆ. ಯೂಸರ್‌ಆಡ್ ಕೆಳಮಟ್ಟದ ಕಮಾಂಡ್. ಹೇಳಿದ್ದಷ್ಟೇ ಮಾಡುತ್ತದೆ. ಸಣ್ಣ ಎಮ್ ಆಪ್ಷನ್ ಕೊಡದಿದ್ದರೆ ಅಲ್ಲಿ ಹೋಮ್ ಫೋಲ್ಡರ್ ಆಗುವುದಿಲ್ಲ, ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಕೂಡ ಬ್ಯಾಶ್ ಬದಲು ಬರೀ ಎಸ್‌ಎಚ್ ಬರುತ್ತದೆ. "ಲಾಗಿನ್ ಆಗ್ತಿದೆ, ಆದ್ರೆ ಬಾಣದ ಕೀ ಒತ್ತಿದರೆ ವಿಚಿತ್ರ ಅಕ್ಷರ ಬರ್ತಿದೆ" ಎಂದು ಯಾರಾದರೂ ಹೇಳಿದರೆ ಕಾರಣ ಹೆಚ್ಚಾಗಿ ಇದೇ. ಆಡ್‌ಯೂಸರ್ ಒಂದು ಪರ್ಲ್ ಸ್ಕ್ರಿಪ್ಟ್. ಹೋಮ್ ಫೋಲ್ಡರ್ ಮಾಡಿ, ಪಾಸ್‌ವರ್ಡ್ ಕೇಳಿ, ಪೂರ್ತಿ ಹೆಸರು ಕೇಳಿ ಕೆಲಸ ಮುಗಿಸುತ್ತದೆ. ರೆಡ್ ಹ್ಯಾಟ್, ಫೆಡೋರಾ ಕಡೆ ಈ ತಲೆನೋವಿಲ್ಲ. ಅಲ್ಲಿ ಆಡ್‌ಯೂಸರ್ ಅನ್ನುವುದು ಯೂಸರ್‌ಆಡ್‌ನ ಇನ್ನೊಂದು ಹೆಸರು ಮಾತ್ರ, ಹೋಮ್ ಫೋಲ್ಡರ್ ತಾನಾಗಿಯೇ ಆಗುತ್ತದೆ.

ಡೆಬಿಯನ್ ಕಡೆ ಕೈಯಿಂದ ಒಬ್ಬಿಬ್ಬರನ್ನು ಸೇರಿಸುವಾಗ ಆಡ್‌ಯೂಸರ್ ಬಳಸಿ. ಸ್ಕ್ರಿಪ್ಟ್ ಬರೆಯುವಾಗ ಯೂಸರ್‌ಆಡ್ ಬಳಸಿ, ಅದು ಎಲ್ಲ ಕಡೆ ಇರುತ್ತದೆ. ಯಾವುದನ್ನು ಆರಿಸಿದರೂ ನಂಬರನ್ನು ನೀವೇ ಕೊಡಿ. ಬಿಟ್ಟರೆ ಯೂಸರ್‌ಆಡ್ ಈಗಿರುವ ದೊಡ್ಡ ನಂಬರಿಗೆ ಒಂದು ಸೇರಿಸುತ್ತದೆ, ಡೆಬಿಯನ್‌ನ ಆಡ್‌ಯೂಸರ್ ಮೊದಲು ಸಿಕ್ಕ ಖಾಲಿ ನಂಬರ್ ಹಿಡಿಯುತ್ತದೆ. ಕೊನೆಯಲ್ಲಿ ಸೇರಿದವರನ್ನು ಅಳಿಸಿದರೆ ಎರಡೂ ದಾರಿಯಲ್ಲಿ ಹಳೇ ನಂಬರ್ ಮರಳಿ ಬರುತ್ತದೆ. ಸಾಮಾನ್ಯ ಯೂಸರ್‌ಗಳಿಗೆ 1000ದಿಂದ 60000ದವರೆಗೆ ಜಾಗ ಇದೆ. ಸಣ್ಣ ಆಫೀಸಿನಲ್ಲಿ ಒಂದು ನಂಬರನ್ನು ಎರಡನೇ ಸಲ ಬಳಸುವ ಅಗತ್ಯ ಜನ್ಮದಲ್ಲಿ ಬರುವುದಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ, ಇನಿಶಿಯಲ್ ಇದೆ. ಒಂದು ಆಫೀಸಿನಲ್ಲಿ ಮೂವರು ಮಂಜುನಾಥ ಇರುವುದು ಮಾಮೂಲು. ಹಾಗಾಗಿ ಮಂಜುನಾಥ, ಚುಕ್ಕಿ, ಕೆ ಎಂದು ಅಕೌಂಟ್ ಮಾಡುವ ಮನಸ್ಸಾಗುತ್ತದೆ. ಬೇಡ. ಸುಡೋ ಅಂದರೆ ಸಾಮಾನ್ಯ ಯೂಸರ್‌ಗೆ ರೂಟ್ ಹಕ್ಕಿನಲ್ಲಿ (ಮಷಿನ್ನಿನ ಪೂರ್ತಿ ಅಧಿಕಾರದಲ್ಲಿ) ಕಮಾಂಡ್ ಓಡಿಸಲು ಬಿಡುವ ಟೂಲ್. ಅದರ ಅನುಮತಿಯ ತುಣುಕುಗಳನ್ನು ಇಡುವ ಸುಡೋಯರ್ಸ್ ಡಾಟ್ ಡಿ ಫೋಲ್ಡರಿನಲ್ಲಿ, ಹೆಸರಲ್ಲಿ ಚುಕ್ಕಿ ಇರುವ ಫೈಲನ್ನು ಸುಡೋ ಓದುವುದೇ ಇಲ್ಲ. ಎರರ್ ಕೂಡ ಕೊಡುವುದಿಲ್ಲ. ಯೂಸರ್ ಹೆಸರನ್ನೇ ಫೈಲಿಗೆ ಇಟ್ಟು, ನಿಯಮ ಸರಿಯಾಗಿದ್ದರೂ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ನಾನು ಒಂದು ಇಡೀ ಮಧ್ಯಾಹ್ನ ಹುಡುಕಿದ್ದೇನೆ. ಮಂಜುನಾಥಕೆ ಎಂದು ಸಣ್ಣಕ್ಷರದಲ್ಲಿ ಸೇರಿಸಿ ಬರೆಯಿರಿ, ಸಾಕು.

ಗ್ರೂಪಿಗೆ ಸೇರಿಸುವ ಮೂರು ದಾರಿ

ಜನ ಜಾಸ್ತಿ ಎಡವುವುದು ಇಲ್ಲೇ. ಯೂಸರ್‌ಮಾಡ್ ಕಮಾಂಡಿಗೆ ದೊಡ್ಡ ಜಿ ಆಪ್ಷನ್ ಕೊಟ್ಟು ಗ್ರೂಪ್ ಹೆಸರು ಬರೆದರೆ, ಅದು "ಈ ಗ್ರೂಪನ್ನೂ ಸೇರಿಸು" ಎಂದಲ್ಲ. "ಇವರ ಹೆಚ್ಚುವರಿ ಗ್ರೂಪುಗಳು ಇನ್ನು ಇಷ್ಟೇ" ಎಂದರ್ಥ. ಮೊದಲಿದ್ದ ಗ್ರೂಪುಗಳೆಲ್ಲ ಹೋಗುತ್ತವೆ. ಉಬುಂಟು ಲ್ಯಾಪ್‌ಟಾಪಿನಲ್ಲಿ ನಿಮ್ಮನ್ನೇ ಡಾಕರ್ (ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಪ್ರೋಗ್ರಾಂ ಓಡಿಸುವ ಟೂಲ್) ಗ್ರೂಪಿಗೆ ಹೀಗೆ ಸೇರಿಸಿಕೊಂಡರೆ ಸುಡೋ ಗ್ರೂಪಿನಿಂದ ಹೊರಗೆ ಬೀಳುತ್ತೀರಿ. ಆಮೇಲೆ ರಿಕವರಿ ಮೋಡ್‌ಗೆ ಹೋಗಿ ಸರಿಪಡಿಸುವ ಪರಿಸ್ಥಿತಿ ಬರಬಹುದು. ಜೊತೆಗೆ ಸಣ್ಣ ಎ ಸೇರಿಸಿದರೆ ಮಾತ್ರ ಹಳೆಯದು ಉಳಿದು ಹೊಸದು ಸೇರುತ್ತದೆ.

ಒಂದು ಅಕ್ಷರ ಮರೆತರೆ ಇಷ್ಟು ನಷ್ಟ ಆಗುವ ಕಮಾಂಡನ್ನು ದಿನಾ ಬಳಸುವುದು ಯಾಕೆ? ನಾನು ಜಿಪಾಸ್‌ಡಬ್ಲ್ಯುಡಿ ಬಳಸುತ್ತೇನೆ. ಸಣ್ಣ ಎ ಕೊಟ್ಟರೆ ಒಬ್ಬರನ್ನು ಒಂದು ಗ್ರೂಪಿಗೆ ಸೇರಿಸುತ್ತದೆ, ಸಣ್ಣ ಡಿ ಕೊಟ್ಟರೆ ತೆಗೆಯುತ್ತದೆ. ಬೇರೆ ಗ್ರೂಪುಗಳ ತಂಟೆಗೆ ಹೋಗುವುದಿಲ್ಲ. ಡೆಬಿಯನ್ ಮಂದಿಗೆ ಆಡ್‌ಯೂಸರ್ ಮುಂದೆ ಯೂಸರ್ ಹೆಸರು, ಗ್ರೂಪ್ ಹೆಸರು ಬರೆದರೂ ಆಯಿತು, ಅದೂ ಸುರಕ್ಷಿತ. ಹಾಗಂತ ದೊಡ್ಡ ಜಿ ನಿರುಪಯೋಗಿ ಅಲ್ಲ. ಒಬ್ಬರು ತಂಡ ಬದಲಿಸಿದಾಗ ಹಳೇ ಗ್ರೂಪುಗಳನ್ನೆಲ್ಲ ಕಳಚಿ ಹೊಸ ಪಟ್ಟಿ ಕೊಡಬೇಕಲ್ವಾ, ಆಗ ಅದೇ ಸರಿಯಾದ ಆಯ್ಕೆ.

ಸೇರಿಸಿದ ಮೇಲೂ "ಇನ್ನೂ ಪರ್ಮಿಷನ್ ಡಿನೈಡ್ ಬರ್ತಿದೆ" ಅನ್ನುವ ದೂರು ಬಂದೇ ಬರುತ್ತದೆ. ಗ್ರೂಪ್ ಪಟ್ಟಿ ಲಾಗಿನ್ ಆಗುವಾಗ ಒಮ್ಮೆ ಮಾತ್ರ ಅಂಟಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಬರೀ ಐಡಿ ಎಂದು ಕೊಡಿ, ಆಮೇಲೆ ಐಡಿ ಮುಂದೆ ಯೂಸರ್ ಹೆಸರು ಕೊಡಿ. ಮೊದಲನೆಯದು ಈಗಿನ ಶೆಲ್ ಹತ್ತಿರ ಇರುವ ಗ್ರೂಪುಗಳನ್ನು ತೋರಿಸುತ್ತದೆ, ಎರಡನೆಯದು ದಾಖಲೆಯಲ್ಲಿ ಇರುವುದನ್ನು. ಎರಡೂ ಬೇರೆ ಬಂದರೆ ಲಾಗ್ಔಟ್ ಆಗಿ ಮತ್ತೆ ಬರಬೇಕು. ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಸೆಷನ್ ಉಳಿಸುವ ಟೂಲ್) ಒಳಗೆ ಕೆಲಸ ಮಾಡುವವರು ಇನ್ನೂ ಹುಷಾರಾಗಿರಬೇಕು. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಕಡಿದು ಮತ್ತೆ ಬಂದರೂ ಟಿಮಕ್ಸ್ ಹಳೇ ಪಟ್ಟಿಯನ್ನೇ ಹಿಡಿದು ಕೂತಿರುತ್ತದೆ. ಅದನ್ನೂ ನಿಲ್ಲಿಸಿ ಹೊಸದಾಗಿ ಶುರುಮಾಡಬೇಕು.

ಇದೇ ನಿಯಮ ತೆಗೆಯುವಾಗಲೂ ಅನ್ವಯಿಸುತ್ತದೆ. ಗ್ರೂಪಿನಿಂದ ತೆಗೆದೆವು ಎಂದು ನಾವು ನೆಮ್ಮದಿಯಾಗಿದ್ದರೆ, ಬೆಳಗ್ಗೆ ತೆರೆದ ಸೆಷನ್ನಿನಲ್ಲಿ ಅವರಿಗೆ ಹಳೇ ಹಕ್ಕು ಇದ್ದೇ ಇರುತ್ತದೆ.

ಹಂಚಿಕೊಳ್ಳುವ ಫೋಲ್ಡರ್: ಸೆಟ್‌ಜಿಐಡಿ ಅಥವಾ ಎಸಿಎಲ್?

ನಾಲ್ಕು ಜನ ಒಂದೇ ಫೋಲ್ಡರಿನಲ್ಲಿ ಬರೆಯಬೇಕು. ಮೊದಲಿಂದ ಬಂದ ದಾರಿ ಇದು: ಒಂದು ಗ್ರೂಪ್ ಮಾಡಿ, ಫೋಲ್ಡರನ್ನು ಆ ಗ್ರೂಪಿಗೆ ಕೊಟ್ಟು, 2775 ಅಥವಾ 2770 ಪರ್ಮಿಷನ್ ಹಾಕಿ. ಕೊನೆಯ ಮೂರು ಅಂಕಿ ಮಾಲೀಕ, ಗ್ರೂಪ್, ಉಳಿದವರ ಹಕ್ಕು. ಮೊದಲಿಗಿರುವ 2 ಇದೆಯಲ್ಲ, ಅದೇ ಸೆಟ್‌ಜಿಐಡಿ. ಅದಿದ್ದರೆ ಒಳಗೆ ಯಾರು ಫೈಲ್ ಮಾಡಿದರೂ ಫೋಲ್ಡರಿನ ಗ್ರೂಪೇ ಬರುತ್ತದೆ.

ಆದರೆ ಗ್ರೂಪ್ ಬಂತು ಎಂದಾಕ್ಷಣ ಬರೆಯುವ ಹಕ್ಕು ಬರಲಿಲ್ಲ. ಅದನ್ನು ತೀರ್ಮಾನಿಸುವುದು ಯುಮಾಸ್ಕ್, ಅಂದರೆ ಹೊಸ ಫೈಲಿನಿಂದ ಯಾವ ಹಕ್ಕು ಕಳೆಯಬೇಕು ಎಂದು ಹೇಳುವ ಸೆಟ್ಟಿಂಗ್. 022 ಇದ್ದರೆ ಗ್ರೂಪಿಗೆ ಓದಲು ಮಾತ್ರ ಬಿಡುತ್ತದೆ, 002 ಇದ್ದರೆ ಬರೆಯಲೂ ಬಿಡುತ್ತದೆ. ಉಬುಂಟುವಿನಲ್ಲಿ ಪ್ರತಿ ಯೂಸರ್‌ಗೂ ತನ್ನದೇ ಹೆಸರಿನ ಗ್ರೂಪ್ ಇರುವುದರಿಂದ 002 ಸಿಗುತ್ತದೆ. ಡೆಬಿಯನ್‌ನಲ್ಲಿ ಹೆಚ್ಚಾಗಿ 022. ಅಂದರೆ ಸೆಟ್‌ಜಿಐಡಿ ದಾರಿ ಪ್ರತಿಯೊಬ್ಬರ ಯುಮಾಸ್ಕ್ ಮೇಲೆ ನಿಂತಿದೆ. ಒಬ್ಬರದು ತಪ್ಪಿದರೂ ಅವರು ಮಾಡಿದ ಫೈಲ್ ಉಳಿದವರಿಗೆ ಬೀಗ ಹಾಕಿಕೊಳ್ಳುತ್ತದೆ.

ಎಸಿಎಲ್, ಅಂದರೆ ಯಾರಿಗೆ ಯಾವ ಹಕ್ಕು ಎಂದು ಫೈಲಿಗೆ ಅಂಟಿಸುವ ಹೆಚ್ಚುವರಿ ಪಟ್ಟಿ, ಈ ಕೊರತೆ ತುಂಬುತ್ತದೆ. ಸೆಟ್‌ಎಫ್‌ಎಸಿಎಲ್ ಕಮಾಂಡಿನಲ್ಲಿ ಡೀಫಾಲ್ಟ್ ಎಸಿಎಲ್ (ಮುಂದೆ ಒಳಗೆ ಆಗುವ ಫೈಲುಗಳಿಗೆ ತಾನಾಗಿಯೇ ಬರುವ ಪಟ್ಟಿ) ಹಾಕಿದರೆ ಆ ಫೋಲ್ಡರಿನಲ್ಲಿ ಯುಮಾಸ್ಕ್ ಲೆಕ್ಕಕ್ಕೇ ಬರುವುದಿಲ್ಲ. ಒಂದು ಗ್ರೂಪಿಗೆ ಬರೆಯಲು, ಇನ್ನೊಂದಕ್ಕೆ ಓದಲು ಮಾತ್ರ ಎಂದು ಬೇರೆ ಬೇರೆ ಹಕ್ಕು ಕೊಡಬಹುದು. ಸೆಟ್‌ಜಿಐಡಿಯಲ್ಲಿ ಇದು ಆಗದ ಕೆಲಸ. ಅಕೌಂಟ್ಸ್ ತಂಡ ಬರೆಯಬೇಕು, ಆಡಿಟ್ ತಂಡ ಓದಬೇಕು, ಉಳಿದವರು ಹೆಸರೂ ನೋಡಬಾರದು ಅನ್ನುವ ಜಾಗಕ್ಕೆ ಎಸಿಎಲ್ ಬೇಕೇ ಬೇಕು.

ಅದರ ಬೆಲೆಯೂ ಇದೆ. ಎಲ್‌ಎಸ್ ಕಮಾಂಡಿನಲ್ಲಿ ಪರ್ಮಿಷನ್ ಸಾಲಿನ ಕೊನೆಗೆ ಒಂದು ಪ್ಲಸ್ ಗುರುತು ಮಾತ್ರ ಕಾಣುತ್ತದೆ. ಒಳಗೇನಿದೆ ಎಂದು ಗೆಟ್‌ಎಫ್‌ಎಸಿಎಲ್ ಕೊಟ್ಟರೇ ಗೊತ್ತಾಗುವುದು. ಇನ್ನೂ ಕಿರಿಕಿರಿ ಮಾಸ್ಕ್ ಅನ್ನುವ ಸಾಲಿನದು. ಎಸಿಎಲ್ ಕೊಡುವ ಹಕ್ಕಿಗೆ ಅದೇ ಮಿತಿ. ಎಸಿಎಲ್ ಇರುವ ಫೈಲಿಗೆ ಯಾರಾದರೂ ಸಿಎಚ್‌ಮಾಡ್ 600 (ಮಾಲೀಕರಿಗೆ ಮಾತ್ರ ಓದು, ಬರೆ) ಹೊಡೆದರೆ ಎಸಿಎಲ್ ಅಳಿಯುವುದಿಲ್ಲ, ಮಾಸ್ಕ್ ಖಾಲಿಯಾಗುತ್ತದೆ. ಗ್ರೂಪಿನ ಸಾಲಿನಲ್ಲಿ ಓದು, ಬರೆ ಎರಡೂ ಇದೆ ಎಂದೇ ಕಾಣುತ್ತದೆ, ಪಕ್ಕದಲ್ಲಿ ಎಫೆಕ್ಟಿವ್ ಎಂದು ಬರೆದು ಬರೀ ಗೆರೆಗಳು ಬರುತ್ತವೆ. ಆ ಪಕ್ಕದ ಸಾಲು ಓದದೆ ತಲೆ ಕೆಡಿಸಿಕೊಂಡವರು ತುಂಬಾ ಜನ. ಬ್ಯಾಕಪ್ ಕೂಡ ನೋಡಿಕೊಳ್ಳಬೇಕು. ಆರ್‌ಸಿಂಕ್‌ಗೆ ದೊಡ್ಡ ಎ ಕೊಡದಿದ್ದರೆ, ಟಾರ್‌ಗೆ ಎಸಿಎಲ್ಸ್ ಆಪ್ಷನ್ ಕೊಡದಿದ್ದರೆ ಎಸಿಎಲ್ ಬ್ಯಾಕಪ್ಪಿಗೆ ಬರುವುದೇ ಇಲ್ಲ. ರಿಸ್ಟೋರ್ ಮಾಡಿದ ದಿನ ಗೊತ್ತಾಗುತ್ತದೆ.

ಎರಡಕ್ಕೂ ಒಂದೇ ದೌರ್ಬಲ್ಯ ಇದೆ. ಅದೇ ಡಿಸ್ಕಿನ ಬೇರೆ ಕಡೆಯಿಂದ ಎಂವಿ ಮಾಡಿ (ಜಾಗ ಬದಲಿಸಿ) ತಂದ ಫೈಲ್ ತನ್ನ ಹಳೇ ಗ್ರೂಪ್, ಹಳೇ ಪರ್ಮಿಷನ್ ಜೊತೆಗೇ ಬರುತ್ತದೆ. ಸಿಪಿ (ನಕಲು) ಮಾಡಿದರೆ ಹೊಸ ಫೋಲ್ಡರಿನ ನಿಯಮ ಹಿಡಿಯುತ್ತದೆ.

ಒಂದು ತಂಡ, ಒಂದೇ ಬಗೆಯ ಹಕ್ಕು ಇದ್ದರೆ ಸೆಟ್‌ಜಿಐಡಿ ಸಾಕು. ಯುಮಾಸ್ಕ್ ಕಾಟ ಕೊಟ್ಟರೆ ಅದರ ಮೇಲೆ ಒಂದು ಡೀಫಾಲ್ಟ್ ಎಸಿಎಲ್ ಹಾಕಿ. ಎಸಿಎಲ್ ಬಳಸುವಾಗ ಹಕ್ಕು ಯಾವತ್ತೂ ಗ್ರೂಪಿಗೇ ಕೊಡಿ, ವ್ಯಕ್ತಿಯ ಹೆಸರಿಗೆ ಕೊಡಬೇಡಿ. ಗ್ರೂಪ್ ಆದರೆ ಹೋಗುವ ದಿನ ಒಂದು ಕಡೆಯಿಂದ ಹೆಸರು ತೆಗೆದರೆ ಮುಗಿಯಿತು. ವ್ಯಕ್ತಿಯ ಹೆಸರಿಗೆ ಕೊಟ್ಟರೆ ಸಾವಿರಾರು ಫೈಲುಗಳ ಮೇಲೆ ಅವರ ನಂಬರ್ ಉಳಿಯುತ್ತದೆ.

ರೂಟ್ ಪಾಸ್‌ವರ್ಡ್ ಅಥವಾ ಸುಡೋ?

ಇದರಲ್ಲಿ ನನಗೆ ಅನುಮಾನವೇ ಇಲ್ಲ. ರೂಟ್ ಪಾಸ್‌ವರ್ಡ್ ಐದು ಜನಕ್ಕೆ ಗೊತ್ತಿದ್ದರೆ ಒಬ್ಬರು ಹೋದಾಗ ಅದನ್ನು ಬದಲಿಸಿ ಉಳಿದ ನಾಲ್ವರಿಗೆ ತಿಳಿಸಬೇಕು. ಯಾರೂ ಮಾಡುವುದಿಲ್ಲ. ಯಾರು ಏನು ಮಾಡಿದರು ಅನ್ನುವುದೂ ಲಾಗಿನಲ್ಲಿ ಗೊತ್ತಾಗುವುದಿಲ್ಲ. ಸುಡೋ ಬಳಸಿ. ಉಬುಂಟು, ಡೆಬಿಯನ್‌ನಲ್ಲಿ ಗ್ರೂಪಿನ ಹೆಸರು ಸುಡೋ, ರೆಡ್ ಹ್ಯಾಟ್ ಕಡೆ ವೀಲ್. ಡೆಬಿಯನ್ ಹಾಕುವಾಗ ರೂಟ್ ಪಾಸ್‌ವರ್ಡ್ ಕೊಟ್ಟರೆ ಮೊದಲ ಯೂಸರ್ ಸುಡೋ ಗ್ರೂಪಿಗೆ ಸೇರುವುದಿಲ್ಲ. ಆ ಜಾಗ ಖಾಲಿ ಬಿಟ್ಟರೆ ಸೇರುತ್ತಾರೆ. ಹೊಸಬರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು.

ಒಂದೇ ಸರ್ವಿಸ್ ರೀಸ್ಟಾರ್ಟ್ ಮಾಡಬೇಕಾದವರಿಗೆ ಪೂರ್ತಿ ಸುಡೋ ಬೇಡ, ಆ ಒಂದು ಕಮಾಂಡಿಗೆ ಮಾತ್ರ ನಿಯಮ ಬರೆಯಿರಿ. ಬರೆಯುವಾಗ ವಿಸುಡೋ ಬಳಸಿ. ತಪ್ಪಿದ್ದರೆ ಉಳಿಸುವ ಮೊದಲೇ ಹೇಳುತ್ತದೆ. ಡಾಕರ್ ಗ್ರೂಪನ್ನು ಸಾಮಾನ್ಯ ಗ್ರೂಪ್ ಎಂದುಕೊಳ್ಳಬೇಡಿ. ಅದರಲ್ಲಿರುವವರು ಇಡೀ ಮಷಿನ್ನಿನ ಡಿಸ್ಕನ್ನು ಕಂಟೇನರ್ ಒಳಗೆ ತೆರೆದು ರೂಟ್ ಆಗಿ ಬರೆಯಬಲ್ಲರು. ಸುಡೋ ಕೊಡಲು ಹಿಂಜರಿಯುವವರಿಗೆ ಡಾಕರ್ ಗ್ರೂಪೂ ಕೊಡಬಾರದು.

ಹೋಗುವ ದಿನ: ಬೀಗ, ಅವಧಿ, ನೋಲಾಗಿನ್, ಅಳಿಸುವುದು

ಪಾಸ್‌ಡಬ್ಲ್ಯುಡಿ ಕಮಾಂಡಿಗೆ ಸಣ್ಣ ಎಲ್ ಕೊಟ್ಟರೆ ಅಕೌಂಟಿಗೆ ಬೀಗ ಬಿತ್ತು ಎಂದು ತುಂಬಾ ಜನ ನಂಬಿದ್ದಾರೆ. ಬೀಗ ಬಿದ್ದಿದ್ದು ಪಾಸ್‌ವರ್ಡಿಗೆ ಮಾತ್ರ. ಪಾಸ್‌ವರ್ಡ್ ದಾಖಲೆ ಇಡುವ ಶ್ಯಾಡೋ ಫೈಲಿನಲ್ಲಿ ಹ್ಯಾಶ್ (ಪಾಸ್‌ವರ್ಡಿನ ಗುಪ್ತ ರೂಪ) ಮುಂದೆ ಒಂದು ಆಶ್ಚರ್ಯ ಚಿಹ್ನೆ ಕೂರುತ್ತದೆ, ಅಷ್ಟೇ. ಅವರ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಕೀಲಿ ಫೈಲ್) ಇದ್ದರೆ ಸಾಮಾನ್ಯ ಸೆಟ್ಟಿಂಗಿನಲ್ಲಿ ಮನೆಯಿಂದಲೇ ಒಳಗೆ ಬರಬಹುದು.

ನೋಲಾಗಿನ್ ಶೆಲ್ ಹಾಕುವುದು ಇನ್ನೊಂದು ದಾರಿ. ಶೆಲ್ ಸಿಗುವುದಿಲ್ಲ ನಿಜ. ಆದರೆ ಕೀ ಉಳಿದಿದ್ದರೆ ಶೆಲ್ ಕೇಳದೆ ಬರೀ ಪೋರ್ಟ್ ಫಾರ್ವರ್ಡ್ ಮಾಡಿ (ಎಸ್‌ಎಸ್‌ಎಚ್ ಮೂಲಕ ಬೇರೆ ಸಂಪರ್ಕ ಸಾಗಿಸಿ) ಆಫೀಸಿನ ಒಳಗಿನ ಡೇಟಾಬೇಸ್ ತಲುಪುವ ದಾರಿ ತೆರೆದಿರುತ್ತದೆ. ಸರ್ವಿಸ್ ಅಕೌಂಟುಗಳಿಗೆ ನೋಲಾಗಿನ್ ಒಳ್ಳೆಯದು, ಬಿಟ್ಟು ಹೋದವರಿಗೆ ಸಾಲದು.

ಸರಿಯಾದ ಆಯ್ಕೆ ಅವಧಿ ಮುಗಿಸುವುದು. ಚೇಜ್ (chage) ಕಮಾಂಡಿಗೆ ದೊಡ್ಡ ಇ ಕೊಟ್ಟು 1 ಎಂದು ಬರೆಯಿರಿ. ಇಲ್ಲಿ ದಿನಗಳ ಲೆಕ್ಕ 1970ರ ಜನವರಿ 1ರಿಂದ. ಅಂದರೆ ಅಕೌಂಟಿನ ಅವಧಿ 1970ರ ಜನವರಿ 2ಕ್ಕೆ ಮುಗಿಯಿತು. ಸೊನ್ನೆ ಬೇಡ, ಅದನ್ನು ಅವಧಿಯೇ ಇಲ್ಲ ಎಂದೂ ಓದಬಹುದು. ಅವಧಿ ಮುಗಿದರೆ ಕೀ ಇದ್ದರೂ ಒಳಗೆ ಬಿಡುವುದಿಲ್ಲ. ಫೈಲುಗಳು ಹಾಗೇ ಇರುತ್ತವೆ, ನಂಬರ್ ಅವರ ಹೆಸರಲ್ಲೇ ಇರುವುದರಿಂದ ಬೇರೆ ಯಾರಿಗೂ ಸಿಗುವುದಿಲ್ಲ. ಅವರು ಮರಳಿ ಬಂದರೆ ಒಂದೇ ಕಮಾಂಡಿನಲ್ಲಿ ತೆರೆಯಬಹುದು.

ಎರಡು ಎಚ್ಚರಿಕೆ. ಈಗಾಗಲೇ ತೆರೆದಿರುವ ಸೆಷನ್ ಇದರಿಂದ ಮುಚ್ಚುವುದಿಲ್ಲ, ಲಾಗಿನ್‌ಸಿಟಿಎಲ್ ಬಳಸಿ ಅದನ್ನೂ ಮುಗಿಸಿ. ಇನ್ನೊಂದು, ಅವರ ಕ್ರಾನ್ ಕೆಲಸಗಳನ್ನು (ನಿಗದಿತ ಹೊತ್ತಿಗೆ ತಾನಾಗಿಯೇ ಓಡುವ ಕಮಾಂಡುಗಳನ್ನು) ಅವಧಿ ಮುಗಿಸುವ ಮೊದಲೇ ನೋಡಿ. ಅವಧಿ ಮುಗಿದ ಅಕೌಂಟಿನ ಕ್ರಾನ್ ಓಡುವುದಿಲ್ಲ. ರಾತ್ರಿಯ ಬ್ಯಾಕಪ್ ಅವರ ಹೆಸರಿನಲ್ಲಿ ಓಡುತ್ತಿದ್ದರೆ ಅದೂ ಸದ್ದಿಲ್ಲದೆ ನಿಂತುಹೋಗುತ್ತದೆ.

ಅಳಿಸುವುದು ಕೊನೆಗೆ. ಫೈಂಡ್ ಕಮಾಂಡಿನಲ್ಲಿ ಅವರ ನಂಬರಿನ ಫೈಲುಗಳನ್ನೆಲ್ಲ ಹುಡುಕಿ, ಬೇರೆಯವರ ಹೆಸರಿಗೆ ಮಾಡಿದ ಮೇಲೆ ಅಳಿಸಿ. ಸಣ್ಣ ಆಫೀಸಾದರೆ ಅಳಿಸಲೇಬೇಡಿ ಎನ್ನುತ್ತೇನೆ. ಒಂದು ಸಾಲು ಉಳಿದರೆ ಯಾರಿಗೂ ಭಾರ ಅಲ್ಲ.

ಮಷಿನ್ ಹೆಚ್ಚಾದಾಗ: ಕೈಕೆಲಸ, ಆನ್ಸಿಬಲ್, ಫ್ರೀಐಪಿಎ

ಮೂರು ಮಷಿನ್, ಐದು ಜನ ಇದ್ದರೆ ಕೈಯಲ್ಲೇ ಮಾಡಿ. ಒಂದು ಶೀಟಿನಲ್ಲಿ ಹೆಸರು, ನಂಬರ್, ಸೇರಿದ ದಿನ ಬರೆದಿಡಿ. ಎಲ್ಲ ಮಷಿನ್ನಿನಲ್ಲೂ ಒಬ್ಬರಿಗೆ ಒಂದೇ ನಂಬರ್ ಕೊಡಿ. ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೋಲ್ಡರ್ ಹಂಚುವ ವ್ಯವಸ್ಥೆ) ಬಳಸುತ್ತಿದ್ದರೆ ಇದು ಇನ್ನೂ ಮುಖ್ಯ. ಮಾಮೂಲಿ ಸೆಟ್ಟಿಂಗಿನಲ್ಲಿ ಅದು ಹಕ್ಕು ನೋಡುವಾಗ ನಂಬರನ್ನೇ ನಂಬುತ್ತದೆ. ಅಲ್ಲಿ ಒಬ್ಬರಿಗೆ 16 ಗ್ರೂಪಿಗಿಂತ ಹೆಚ್ಚಿದ್ದರೆ ಉಳಿದವು ಸರ್ವರ್‌ಗೆ ತಲುಪುವುದಿಲ್ಲ ಅನ್ನುವುದೂ ನೆನಪಿರಲಿ.

ಹತ್ತಿಪ್ಪತ್ತು ಸರ್ವರ್ ಇದ್ದು, ಒಳಗೆ ಹೋಗುವವರು ಕೆಲವೇ ಜನ ಆದರೆ ಆನ್ಸಿಬಲ್ (ಫೈಲಿನಲ್ಲಿ ಬರೆದದ್ದನ್ನು ಎಲ್ಲ ಮಷಿನ್ನಿನಲ್ಲೂ ಜಾರಿ ಮಾಡುವ ಟೂಲ್) ಚೆನ್ನಾಗಿ ಹೊಂದುತ್ತದೆ. ಯಾರು, ಯಾವ ನಂಬರ್, ಯಾವ ಗ್ರೂಪ್, ಯಾವ ಕೀ ಎಲ್ಲ ಒಂದು ಫೈಲಿನಲ್ಲಿ ಇರುತ್ತದೆ. ಗಿಟ್‌ನಲ್ಲಿ ಇಟ್ಟರೆ ಯಾರು ಯಾವಾಗ ಬದಲಿಸಿದರು ಅನ್ನುವುದೂ ಉಳಿಯುತ್ತದೆ. ಬೇರೆ ಸರ್ವರ್ ಬೇಕಿಲ್ಲ, ಲಾಗಿನ್ ಆಗಲು ನೆಟ್‌ವರ್ಕ್ ಕಾಯಬೇಕಿಲ್ಲ. ಆದರೆ ಅದರ ಯೂಸರ್ ಮಾಡ್ಯೂಲಿನಲ್ಲಿ ಅಪೆಂಡ್ ಎಂದು ಹೇಳದಿದ್ದರೆ ದೊಡ್ಡ ಜಿಯ ಅದೇ ಕಥೆ, ಈ ಸಲ ಇಪ್ಪತ್ತು ಮಷಿನ್ನಿನಲ್ಲಿ ಒಟ್ಟಿಗೆ. ಇನ್ನೊಂದು, ಫೈಲಿನಿಂದ ಹೆಸರು ಅಳಿಸಿದರೆ ಮಷಿನ್ನಿನಿಂದ ಅಕೌಂಟ್ ಹೋಗುವುದಿಲ್ಲ. ಆನ್ಸಿಬಲ್ ಅವರನ್ನು ಮರೆಯುತ್ತದೆ, ಮಷಿನ್ ಮರೆಯುವುದಿಲ್ಲ. ಹಾಗಾಗಿ ಹೆಸರು ಅಳಿಸದೆ ಅವಧಿ ಮುಗಿದಿದೆ ಎಂದು ಬರೆದು ಓಡಿಸಿ. ಆ ಹೊತ್ತಿಗೆ ಆಫ್ ಆಗಿದ್ದ ಮಷಿನ್ನಿಗೆ ಈ ಸುದ್ದಿ ಮುಟ್ಟಿರುವುದಿಲ್ಲ, ಅದನ್ನು ಮರೆಯಬೇಡಿ.

ಐವತ್ತು ಜನ ತಮ್ಮ ತಮ್ಮ ಪಾಸ್‌ವರ್ಡ್ ಬದಲಿಸಿಕೊಳ್ಳಬೇಕು, ಯಾವ ಮಷಿನ್ನಿನ ಮುಂದೆ ಕೂತರೂ ಲಾಗಿನ್ ಆಗಬೇಕು, ಕಾಲೇಜು ಲ್ಯಾಬಿನ ಹಾಗೆ, ಅಂತಾದರೆ ಎಲ್ಲ ಅಕೌಂಟುಗಳನ್ನು ಒಂದೇ ಕಡೆ ಇಡುವ ಫ್ರೀಐಪಿಎ ಸರ್ವರ್ ಹಾಕಿ. ಎಲ್‌ಡ್ಯಾಪ್ ಡೈರೆಕ್ಟರಿ (ಯೂಸರ್, ಗ್ರೂಪುಗಳ ಪಟ್ಟಿ), ಕೆರ್ಬರೋಸ್ (ಟಿಕೆಟ್ ಕೊಟ್ಟು ಗುರುತು ಖಾತ್ರಿ ಮಾಡುವ ವ್ಯವಸ್ಥೆ), ಸರ್ಟಿಫಿಕೇಟ್, ಬೇಕಿದ್ದರೆ ಡಿಎನ್‌ಎಸ್ ಎಲ್ಲ ಒಟ್ಟಿಗೆ ಬರುತ್ತವೆ. ಓಪನ್‌ಎಲ್‌ಡ್ಯಾಪ್ ತಂದು ಒಂದೊಂದೇ ಜೋಡಿಸಬಹುದು, ಆದರೆ ಅದನ್ನು ಪೂರ್ತಿ ಬಲ್ಲವರು ಆಫೀಸಿನಲ್ಲಿ ಇಲ್ಲದಿದ್ದರೆ ಬೇಡ. ಆಫೀಸಿನಲ್ಲಿ ಈಗಾಗಲೇ ವಿಂಡೋಸ್‌ನ ಆಕ್ಟಿವ್ ಡೈರೆಕ್ಟರಿ ಇದ್ದರೆ ಹೊಸದು ಕಟ್ಟುವುದೇ ಬೇಡ, ರೆಲ್ಮ್ ಜಾಯಿನ್ ಮಾಡಿ ಲಿನಕ್ಸ್ ಮಷಿನ್ನುಗಳನ್ನು ಅದಕ್ಕೇ ಸೇರಿಸಿ.

ಫ್ರೀಐಪಿಎಯಲ್ಲಿ ಹೋಗುವ ದಿನದ ಕೆಲಸ ಒಂದೇ ಕಮಾಂಡ್: ಯೂಸರ್ ಡಿಸೇಬಲ್. ಈಗಾಗಲೇ ಪಡೆದ ಕೆರ್ಬರೋಸ್ ಟಿಕೆಟ್ ಅದರ ಅವಧಿ ಇರುವಷ್ಟು ಹೊತ್ತು ನಡೆಯುತ್ತದೆ. ಎಸ್‌ಎಸ್‌ಎಸ್‌ಡಿ (ಮಷಿನ್ನನ್ನು ಆ ಸರ್ವರ್‌ಗೆ ಜೋಡಿಸುವ ಸರ್ವಿಸ್) ಪಾಸ್‌ವರ್ಡ್ ನೆನಪಿಟ್ಟುಕೊಂಡಿರುವ ಲ್ಯಾಪ್‌ಟಾಪ್ ನೆಟ್‌ವರ್ಕ್ ಇಲ್ಲದಾಗ ಅವರನ್ನು ಒಳಗೆ ಬಿಡಬಹುದು. ಹಾಗಾಗಿ ಲ್ಯಾಪ್‌ಟಾಪ್ ವಾಪಸ್ ಪಡೆಯುವುದೂ ಈ ಕೆಲಸದ ಭಾಗವೇ. ಸರ್ವರ್ ಒಂದೇ ಇಟ್ಟರೆ ಅದು ಮಲಗಿದ ದಿನ ಹೆಚ್ಚಿನವರು ಹೊರಗೆ ಉಳಿಯಬಹುದು, ಎರಡಾದರೂ ಇರಲಿ. ಪ್ರತಿ ಮಷಿನ್ನಿನಲ್ಲಿ ತುರ್ತಿಗೆ ಒಂದು ಲೋಕಲ್ ಅಕೌಂಟ್ ಉಳಿಸಿಕೊಳ್ಳಿ. ಗಡಿಯಾರ ಐದು ನಿಮಿಷಕ್ಕಿಂತ ಜಾಸ್ತಿ ಹಿಂದುಮುಂದಾದರೆ ಕೆರ್ಬರೋಸ್ ಒಪ್ಪುವುದಿಲ್ಲ, ಟೈಮ್ ಸಿಂಕ್ ಮೊದಲೇ ಸರಿ ಮಾಡಿ.

ಕೈಕೆಲಸದಿಂದ ಇದಕ್ಕೆ ಬದಲಾಗುವಾಗ ಮತ್ತೆ ನಂಬರಿನದೇ ಗಂಟು. ಮಂಜುನಾಥ ಒಂದು ಮಷಿನ್ನಿನಲ್ಲಿ 1003, ಇನ್ನೊಂದರಲ್ಲಿ 1005. ಆ ಇನ್ನೊಂದರಲ್ಲಿ 1003 ಬೇರೆ ಯಾರೋ. 1005ರ ಫೈಲುಗಳನ್ನು ನೇರವಾಗಿ 1003 ಮಾಡಿಬಿಟ್ಟರೆ ಇಬ್ಬರ ಫೈಲುಗಳೂ ಬೆರೆತುಹೋಗುತ್ತವೆ. ಆಮೇಲೆ ಯಾವುದು ಯಾರದು ಎಂದು ಬೇರ್ಪಡಿಸಲು ಆಗುವುದಿಲ್ಲ. ಯೂಸರ್‌ಮಾಡ್‌ನಲ್ಲಿ ನಂಬರ್ ಬದಲಿಸಿದರೆ ಹೋಮ್ ಫೋಲ್ಡರಿನ ಒಳಗಿನದು ಮಾತ್ರ ಬದಲಾಗುತ್ತದೆ, ಹೊರಗಿನದು ನಿಮ್ಮ ಪಾಲಿಗೆ. ಅದಕ್ಕೆ ಮೊದಲು ಎಲ್ಲರನ್ನೂ ಯಾರೂ ಬಳಸದ ದೂರದ ನಂಬರುಗಳಿಗೆ ಒಯ್ಯಿರಿ, 50003, 50005 ಹೀಗೆ. ಫೈಂಡ್ ಓಡಿಸಿ ಹಳೇ ನಂಬರಿನ ಒಂದು ಫೈಲೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ, ಅಲ್ಲಿಂದ ಹೊಸ ನಂಬರಿಗೆ ತನ್ನಿ.